ಸ್ಕ್ಯಾನಿಂಗ್‌ನಲ್ಲಿ ‘ಫ್ಯಾಟಿ ಲಿವರ್ ಗ್ರೇಡ್ 1’ ಅಂತ ಬಂದ್ರೆ ಸುಮ್ನೆ ಬಿಡಬಹುದಾ? ಗ್ರೇಡ್ ಹೇಳದ ವಿಷಯ ಇಲ್ಲಿದೆ

ಗದಗ: ಕಿಡ್ನಿಯಲ್ಲಿ ಕಲ್ಲಿದೆಯೇನೋ ಅಂತ ಅನುಮಾನ. ಮುಂಡರಗಿಯಿಂದಲೋ ಲಕ್ಷ್ಮೇಶ್ವರದಿಂದಲೋ ಬಸ್ ಹತ್ತಿ ಗದಗಕ್ಕೆ ಬಂದು ಹೊಟ್ಟೆ ಸ್ಕ್ಯಾನಿಂಗ್ ಮಾಡಿಸುತ್ತಾರೆ. ಕಲ್ಲು ಇರುವುದಿಲ್ಲ. ಆದರೆ ರಿಪೋರ್ಟಿನ ಕೊನೆಯಲ್ಲಿ ಒಂದು ಸಾಲು ಇರುತ್ತದೆ: ‘ಫ್ಯಾಟಿ ಲಿವರ್, ಗ್ರೇಡ್ 1’. ‘ಅದು ಎಲ್ಲಾರಿಗೂ ಇರ್ತೈತಿ ಬಿಡ್ರಿ’ ಅಂತ ಯಾರೋ ಅನ್ನುತ್ತಾರೆ. ರಿಪೋರ್ಟ್ ತಿಜೋರಿ ಮೇಲಿನ ಚೀಲ ಸೇರುತ್ತದೆ.

ಎಲ್ಲರಿಗೂ ಇರುತ್ತದೆ ಎಂಬ ಮಾತು ಪೂರ್ತಿ ಸುಳ್ಳಲ್ಲ. ದೇಶದಲ್ಲಿ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ವಯಸ್ಕರಲ್ಲಿ ಸುಮಾರು ಶೇ 38ರಷ್ಟು ಮಂದಿಗೆ ಕುಡಿತಕ್ಕೆ ಸಂಬಂಧವಿಲ್ಲದ ಫ್ಯಾಟಿ ಲಿವರ್ ಇದೆ. ಬಹುತೇಕರಿಗೆ ಅದರಿಂದ ಲಿವರ್ ಕೆಡುವುದಿಲ್ಲ. ಕೆಲವರಿಗೆ ಮಾತ್ರ ಕೊಬ್ಬಿನ ಜತೆಗೆ ಉರಿಯೂತ ಶುರುವಾಗಿ, ಲಿವರ್ ಒಳಗೆ ಗಾಯದ ಕಲೆಯಂತೆ ನಾರು ಬೆಳೆಯುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಸಿರೋಸಿಸ್. ಆ ಕೆಲವರು ಯಾರು ಅಂತ ಕಂಡುಹಿಡಿಯುವುದೇ ನಿಜವಾದ ಪ್ರಶ್ನೆ. ಸ್ಕ್ಯಾನಿಂಗ್‌ನ ಗ್ರೇಡ್ ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ಗ್ರೇಡ್ 1, 2, 3 ಅಂದರೆ ಪರದೆ ಮೇಲೆ ಲಿವರ್ ಎಷ್ಟು ಬೆಳ್ಳಗೆ ಕಾಣುತ್ತದೆ ಎಂಬುದರ ಅಂದಾಜು. ಅದು ಕೊಬ್ಬಿನ ಲೆಕ್ಕ, ಗಾಯದ ಲೆಕ್ಕ ಅಲ್ಲ. ಕೊಬ್ಬು ಶೇ 20ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯ ಸ್ಕ್ಯಾನಿಂಗ್‌ಗೆ ಕಾಣದೇ ಹೋಗಬಹುದು. ಇನ್ನೊಂದು ವಿಚಿತ್ರ ಅಂದರೆ, ಗಾಯ ಹೆಚ್ಚಾಗಿ ಸಿರೋಸಿಸ್ ಹತ್ತಿರ ಬಂದಾಗ ಲಿವರ್‌ನ ಕೊಬ್ಬು ಕಡಿಮೆಯಾಗುವುದೂ ಉಂಟು. ಹಾಗಾಗಿ ಗ್ರೇಡ್ 3 ಇದ್ದವರೆಲ್ಲ ಅಪಾಯದಲ್ಲಿ, ಗ್ರೇಡ್ 1 ಇದ್ದವರೆಲ್ಲ ಆರಾಮ ಅನ್ನುವಂತಿಲ್ಲ.

ಮೈ ಏನಾದರೂ ಸೂಚನೆ ಕೊಡುತ್ತದಾ? ಬಹಳ ಮಂದಿಗೆ ಕೊಡುವುದಿಲ್ಲ. ಸುಸ್ತು, ಬಲಪಕ್ಕೆಯ ಕೆಳಗೆ ಭಾರ ಅನಿಸುವುದು, ಇಷ್ಟೇ. ದಿನವಿಡೀ ಮಗ್ಗದ ಮುಂದೆ ಕೂತ ಬೆಟಗೇರಿಯ ನೇಕಾರ ಇದನ್ನು ಕೆಲಸದ ಆಯಾಸ ಅಂದುಕೊಂಡರೆ ತಪ್ಪೇನಿಲ್ಲ. ಕುತ್ತಿಗೆಯ ಹಿಂಭಾಗ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪಗಾಗುವುದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತು. ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ, ಏಕೆಂದರೆ ಅದು ಕೊಳೆಯಲ್ಲ. ಕಾಮಣಿ, ಹೊಟ್ಟೆಯಲ್ಲಿ ನೀರು, ಕಾಲು ಬಾವು, ರಕ್ತವಾಂತಿ ಇವೆಲ್ಲ ಲಿವರ್ ಬಹಳ ಕೆಟ್ಟ ಮೇಲೆ ಬರುವವು. ಅಷ್ಟರವರೆಗೆ ಕಾಯುವಂತಿಲ್ಲ.

ಅದಕ್ಕೇ ಲಕ್ಷಣಕ್ಕಿಂತ ಅಳತೆ ಮುಖ್ಯ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದ್ದರೆ, ಶುಗರ್ ಅಥವಾ ಬಿಪಿ ಇದ್ದರೆ, ಟ್ರೈಗ್ಲಿಸರೈಡ್ ಹೆಚ್ಚಿದ್ದರೆ ಪರೀಕ್ಷೆ ಮಾಡಿಸಬೇಕು. ತೆಳ್ಳಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರೂ ಇದರಲ್ಲಿ ಸೇರುತ್ತಾರೆ.

ಗಾಯದ ಅಂದಾಜು ಸಿಗುವುದು ಎರಡು ಸಾದಾ ರಕ್ತಪರೀಕ್ಷೆಯಿಂದ. ಒಂದು ಎಲ್‌ಎಫ್‌ಟಿ, ಇನ್ನೊಂದು ಪ್ಲೇಟ್‌ಲೆಟ್ ಎಣಿಕೆ ಇರುವ ಸಿಬಿಸಿ. ವಯಸ್ಸು, ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಈ ನಾಲ್ಕನ್ನು ಸೇರಿಸಿ ಮಾಡುವ ಲೆಕ್ಕಕ್ಕೆ ಫಿಬ್–4 ಎಂದು ಹೆಸರು. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಬೇಕು. ಬಂದದ್ದನ್ನು, ಪ್ಲೇಟ್‌ಲೆಟ್ (ಸಾವಿರದಲ್ಲಿ) ಮತ್ತು ಎಸ್‌ಜಿಪಿಟಿಯ ವರ್ಗಮೂಲ ಎರಡರ ಗುಣಲಬ್ಧದಿಂದ ಭಾಗಿಸಬೇಕು.

ಉದಾಹರಣೆಗೆ ಇಬ್ಬರನ್ನು ತಗೊಳ್ಳಿ. ಒಬ್ಬರಿಗೆ 40 ವರ್ಷ, ಸ್ಕ್ಯಾನಿಂಗ್‌ನಲ್ಲಿ ಗ್ರೇಡ್ 2, ಎಸ್‌ಜಿಒಟಿ 42, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ 2.80 ಲಕ್ಷ. ಫಿಬ್–4 ಬರುವುದು 0.75. ಇನ್ನೊಬ್ಬರಿಗೆ 52 ವರ್ಷ, ಗ್ರೇಡ್ 1, ಎಸ್‌ಜಿಒಟಿ ಅದೇ 42, ಎಸ್‌ಜಿಪಿಟಿ 49, ಪ್ಲೇಟ್‌ಲೆಟ್ 1.60 ಲಕ್ಷ. ಇವರ ಫಿಬ್–4 1.95. ಗ್ರೇಡ್ 1 ಅಂತ ಸಮಾಧಾನದಿಂದ ಮನೆಗೆ ಹೋದವರೇ ಮುಂದಿನ ತಪಾಸಣೆಗೆ ಹೋಗಬೇಕಾದವರು! 1.3ಕ್ಕಿಂತ ಕಡಿಮೆ ಇದ್ದರೆ ಗಂಭೀರ ಗಾಯದ ಸಾಧ್ಯತೆ ಬಹಳ ಕಡಿಮೆ. 2.67 ದಾಟಿದರೆ ತಡಮಾಡದೆ ಲಿವರ್ ತಜ್ಞರನ್ನು ಕಾಣಬೇಕು. ನಡುವೆ ಇದ್ದವರಿಗೆ ಫೈಬ್ರೋಸ್ಕ್ಯಾನ್ ಬೇಕಾಗುತ್ತದೆ. ಅದು ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಯಂತ್ರ, ಸೂಜಿ ಚುಚ್ಚುವುದಿಲ್ಲ.

ಲಿವರ್ ರೋಗಕ್ಕೂ ಪ್ಲೇಟ್‌ಲೆಟ್‌ಗೂ ಏನು ಸಂಬಂಧ ಅನಿಸಬಹುದು. ಲಿವರ್ ಗಟ್ಟಿಯಾದಂತೆ ಅದರೊಳಗೆ ರಕ್ತ ಹರಿಯುವುದು ಕಷ್ಟವಾಗಿ, ಒತ್ತಡ ಗುಲ್ಮದ ಕಡೆ ತಿರುಗುತ್ತದೆ. ಗುಲ್ಮ ದೊಡ್ಡದಾಗಿ ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಡೆಂಗಿ, ವೈರಲ್ ಜ್ವರ ಬಂದಾಗಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಹಾಗಾಗಿ ಜ್ವರದ ವೇಳೆ ಮಾಡಿಸಿದ ಹಳೇ ರಿಪೋರ್ಟ್ ಹಿಡಿದು ಲೆಕ್ಕ ಹಾಕಿ ಗಾಬರಿಯಾಗಬೇಡಿ. 35ಕ್ಕಿಂತ ಚಿಕ್ಕವರಿಗೆ ಈ ಲೆಕ್ಕ ಅಷ್ಟು ನಂಬುವಂತದ್ದಲ್ಲ. 65 ದಾಟಿದವರಿಗೆ 1.3ರ ಬದಲು 2 ಎಂಬ ಗಡಿ ಇಟ್ಟುಕೊಳ್ಳುತ್ತಾರೆ. ಎಸ್‌ಜಿಪಿಟಿ ನಾರ್ಮಲ್ ಇದೆ ಅಂತ ಬಿಟ್ಟುಬಿಡುವುದೂ ತಪ್ಪು, ನಾರ್ಮಲ್ ಇದ್ದೇ ಗಾಯ ಬೆಳೆದವರು ಇದ್ದಾರೆ.

ಡಾಕ್ಟರ್ ಮುಂದೆ ಮುಚ್ಚಿಡಬಾರದ ವಿಷಯ ಒಂದಿದೆ, ಕುಡಿತ. ಮನೆಯವರು ಪಕ್ಕದಲ್ಲಿದ್ದಾರೆ ಅಂತ ‘ಇಲ್ರಿ’ ಅಂದುಬಿಟ್ಟರೆ ಲೆಕ್ಕವೇ ತಪ್ಪುತ್ತದೆ. ಕುಡಿತದಿಂದ ಬಂದ ಕೊಬ್ಬು, ಶುಗರ್–ತೂಕದಿಂದ ಬಂದ ಕೊಬ್ಬು ಎರಡೂ ಸ್ಕ್ಯಾನಿಂಗ್‌ನಲ್ಲಿ ಒಂದೇ ಥರ ಕಾಣುತ್ತವೆ. ಹೆಪಟೈಟಿಸ್ ಬಿ, ಸಿ ಪರೀಕ್ಷೆಯನ್ನೂ ಒಮ್ಮೆ ಮಾಡಿಸಿ ಖಚಿತ ಮಾಡಿಕೊಳ್ಳುತ್ತಾರೆ. ಈಗಾಗಲೇ ತಗೊಳ್ಳುತ್ತಿರುವ ಗುಳಿಗೆ, ನಾಟಿ ಔಷಧಿಯ ಹೆಸರನ್ನೂ ಹೇಳಬೇಕು. ಏನಿದೆ ಅಂತ ಗೊತ್ತಿಲ್ಲದ ಪುಡಿಯನ್ನು ‘ಲಿವರ್ ಕ್ಲೀನ್’ ಆಗಲಿ ಅಂತ ತಿನ್ನುವುದು ಇದ್ದ ಲಿವರ್‌ಗೂ ಕುತ್ತು.

ಇದು ಬರೀ ಖಾಸಗಿ ಆಸ್ಪತ್ರೆಯ ವಿಷಯ ಅಲ್ಲ. ಕೇಂದ್ರ ಸರ್ಕಾರ 2021ರಲ್ಲೇ ಫ್ಯಾಟಿ ಲಿವರನ್ನು ಶುಗರ್, ಬಿಪಿ, ಕ್ಯಾನ್ಸರ್ ಇರುವ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದೆ. ಆಶಾ ಕಾರ್ಯಕರ್ತೆಯರು 30 ದಾಟಿದವರ ಸೊಂಟ ಅಳೆದು ಫಾರಂ ತುಂಬುವುದು ಇದೇ ಕಾರ್ಯಕ್ರಮದಡಿ. ಟೇಪ್ ಹಿಡಿದು ಬಂದವರಿಗೆ ‘ನಾಳೆ ಬರ್ರಿ’ ಅನ್ನದಿದ್ದರೆ ಒಳ್ಳೆಯದು. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಯವರು ಮೊದಲು ತಮ್ಮ ಊರಿನ ಸರ್ಕಾರಿ ಆಸ್ಪತ್ರೆಯಲ್ಲೇ ಎಲ್‌ಎಫ್‌ಟಿ, ಸಿಬಿಸಿ ಬಗ್ಗೆ ಕೇಳಬಹುದು. ಮುಂದಿನ ತಪಾಸಣೆ ಬೇಕಾದರೆ ಗದಗದ ಜಿಮ್ಸ್, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಇವೆ. ಹೋಗುವಾಗ ಹಳೇ ಸ್ಕ್ಯಾನಿಂಗ್ ರಿಪೋರ್ಟ್, ಶುಗರ್ ಚೀಟಿ ಜತೆಗಿರಲಿ.

ಚಿಕಿತ್ಸೆ ಅಂದರೆ ಮೊದಲು ತೂಕ. 80 ಕೆ.ಜಿ. ಇದ್ದವರು 4 ಕೆ.ಜಿ. ಇಳಿಸಿದರೂ ಕೊಬ್ಬು ಕರಗಲು ಶುರುವಾಗುತ್ತದೆ, 8 ಕೆ.ಜಿ. ಇಳಿದರೆ ಗಾಯ ಕೂಡ ಕಡಿಮೆಯಾಗುವ ಸಾಧ್ಯತೆ ಇದೆ. ಜೋಳದ ರೊಟ್ಟಿ, ಪಲ್ಯ ಬಿಡಬೇಕಿಲ್ಲ. ದಿನಾ ಸಂಜೆಯ ಮಿರ್ಚಿ ಭಜಿ, ಬಾಟಲಿ ಜ್ಯೂಸ್, ನಾಲ್ಕೈದು ಸಲದ ಸಕ್ಕರೆ ಚಹಾ ಇವನ್ನು ಕಡಿಮೆ ಮಾಡಬೇಕು. ಭಜಿಗೆ ಹೆಸರಾದ ಊರಲ್ಲಿ ಹೇಳಿದಷ್ಟು ಸುಲಭ ಅಲ್ಲ, ಬಿಡಿ.

ಫಿಬ್–4 ಕಡಿಮೆ ಬಂದವರೂ ಶುಗರ್ ಇದ್ದರೆ ಒಂದೆರಡು ವರ್ಷಕ್ಕೊಮ್ಮೆ, ಇಲ್ಲದಿದ್ದರೆ ಎರಡು–ಮೂರು ವರ್ಷಕ್ಕೊಮ್ಮೆ ಇದೇ ರಕ್ತಪರೀಕ್ಷೆ ಮತ್ತೆ ಮಾಡಿಸಬೇಕು.