ದೆವ್ವ ಆದ್ಮೇಲಷ್ಟೇ ಬಾಯಿ ಬರೋದಾ?

ರಾತ್ರಿ ಟಿವಿಯಲ್ಲಿ ದೆವ್ವದ ಸಿನಿಮಾ ಬಂದರೆ ಮಕ್ಕಳಿಗೆ ಹಬ್ಬ. ನಿಮಗೂ ಅಷ್ಟೇ, ಹೆದರಿಕೆ ಆದ್ರೂ ಚಾನೆಲ್ ಬದಲಾಯಿಸೋಕೆ ಮನಸ್ಸು ಬರೋಲ್ಲ! ಆದರೆ ಒಂದು ವಿಷಯ ಗಮನಿಸಿದ್ದೀರಾ? ಬಿಳಿ ಸೀರೆ, ಬಿಚ್ಚಿದ ಕೂದಲು, ಗೆಜ್ಜೆ ಸದ್ದು... ಹೆಚ್ಚಿನ ಸಿನಿಮಾಗಳಲ್ಲಿ ದೆವ್ವ ಅಂದ್ರೆ ಹೆಂಗಸೇ.

ನಮ್ಮ ‘ಆಪ್ತಮಿತ್ರ’ವನ್ನೇ (2004) ತೆಗೆದುಕೊಳ್ಳಿ. ನಾಗವಲ್ಲಿ ಒಬ್ಬ ನರ್ತಕಿ. ರಾಜ ಅವಳನ್ನು ಬಲವಂತವಾಗಿ ತನ್ನ ಅರಮನೆಯಲ್ಲಿಟ್ಟುಕೊಂಡ, ಅವಳು ಪ್ರೀತಿಸಿದವನನ್ನು ಕೊಂದ, ಅವಳನ್ನೂ ಬಿಡಲಿಲ್ಲ. ಬದುಕಿದ್ದಾಗ ಅವಳ ಗೋಳು ಕೇಳೋರಿಲ್ಲ. ಸತ್ತ ಮೇಲೆ ಮಾತ್ರ ಅವಳ ಹೆಸರು ಕೇಳಿದರೆ ಎಲ್ಲರೂ ನಡುಗುತ್ತಾರೆ!

ಇದಕ್ಕೆ ಮೂಲ ಮಲಯಾಳಂನ ‘ಮಣಿಚಿತ್ರತಾಳ್’ (1993). ಅದರಲ್ಲಿ ಗಂಗಾ ಒಡವೆ ಅಂಗಡಿಗೆ ಹೊರಟಾಗ ಗಂಡ ‘ಈಗ ಹೋಗಬೇಡ’ ಅಂತಾನೆ. ಅಷ್ಟೇ, ಅವಳೊಳಗಿನ ನಾಗವಲ್ಲಿ ಎದ್ದು ನಿಲ್ಲುತ್ತಾಳೆ. ‘ಯಾಕೆ ಹೋಗಬಾರದು?’ ಅಂತ ಜೋರಾಗಿ ಕೇಳಲು ಒಬ್ಬ ಹೆಂಡತಿ ದೆವ್ವವೇ ಆಗಬೇಕಾ? ಈ ಪಾತ್ರಕ್ಕೆ ಶೋಭನಾಗೆ ರಾಷ್ಟ್ರಪ್ರಶಸ್ತಿ ಬಂತು. ಕನ್ನಡದಲ್ಲಿ ಅದನ್ನು ಮಾಡಿದ ಸೌಂದರ್ಯ, ಸಿನಿಮಾ ತೆರೆಗೆ ಬರುವ ಮುನ್ನವೇ ನಮ್ಮನ್ನಗಲಿದರು.

ಹಿಂದಿಯ ‘ಸ್ತ್ರೀ’ (2018) ಸ್ವಲ್ಪ ಬೇರೆ. ಅದರಲ್ಲಿ ಬಾಗಿಲಿಗೆ ಬರೆದ ‘ನಾಳೆ ಬಾ’ ನಮ್ಮೂರಿನದೇ ಹಳೇ ನಂಬಿಕೆ. ಆ ಊರಲ್ಲಿ ಕತ್ತಲಾದ್ರೆ ಮನೆಯಿಂದ ಹೊರಗೆ ಬರಲು ಹೆದರೋರು ಗಂಡಸರು! ಕೊನೆಗೆ ದೆವ್ವಕ್ಕೆ ಬೇಕಿದ್ದದ್ದು ಏನು ಗೊತ್ತಾ? ಒಂದಿಷ್ಟು ಪ್ರೀತಿ, ಒಂದಿಷ್ಟು ಗೌರವ. ಯಾವ ಹೆಂಗಸಿಗೆ ತಾನೇ ಇದು ಬೇಡ?

ಸಿನಿಮಾ ಮುಗಿದರೂ ಮನೆಯಲ್ಲಿ ಇದರ ನೆರಳು ಉಳಿಯುತ್ತೆ. ಸೊಸೆ ಮಂಕಾದರೆ, ಕಿರುಚಾಡಿದರೆ ‘ಏನೋ ಮೆಟ್ಕೊಂಡಿದೆ’ ಅಂತ ಮಂತ್ರವಾದಿಯನ್ನು ಹುಡುಕೋರು ಇಂದಿಗೂ ಇದ್ದಾರೆ. ‘ಆಪ್ತಮಿತ್ರ’ದಲ್ಲಿ ಗಂಗಾಳನ್ನು ಉಳಿಸಲು ಮುಂದೆ ನಿಂತವರು ಮನೋವೈದ್ಯರು ಅನ್ನೋದನ್ನು ಮಾತ್ರ ಮರೆತುಬಿಡುತ್ತೇವೆ!

ಹಾಗಾದರೆ ನೀವೇನು ಮಾಡಬಹುದು?

* ಸಿನಿಮಾ ಮುಗಿದ ಮೇಲೆ ಮಕ್ಕಳ ಜೊತೆ ಮಾತಾಡಿ. ‘ನಿಜವಾಗಿ ತಪ್ಪು ಮಾಡಿದ್ದು ಯಾರು, ದೆವ್ವವಾ, ರಾಜನಾ?’ ಅಂತ ಕೇಳಿ. ಗಂಡುಮಕ್ಕಳನ್ನಂತೂ ತಪ್ಪದೇ ಕೇಳಿ.

* ಮನೆಯಲ್ಲಿ ಯಾರಿಗಾದರೂ ನಿದ್ದೆ ಇಲ್ಲ, ಊಟ ಸೇರೋಲ್ಲ, ಬೇರೆಯವರ ಹಾಗೆ ಮಾತಾಡ್ತಾರೆ ಅಂದ್ರೆ ಮನೋವೈದ್ಯರಿಗೆ ತೋರಿಸಿ. ಬಾಣಂತಿಯಾದರೆ ಒಂದು ದಿನವೂ ತಡ ಮಾಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಫೋನ್ ಮಾಡಬಹುದು.

* ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯೋದು, ಕಟ್ಟಿಹಾಕೋದು ಅಪರಾಧ. ಕರ್ನಾಟಕದಲ್ಲಿ ಇದರ ವಿರುದ್ಧದ ಕಾನೂನು 2020ರಿಂದ ಜಾರಿಯಲ್ಲಿದೆ.

* ಮನಸ್ಸಿನಲ್ಲಿ ಇರೋದನ್ನು ನುಂಗಿಕೊಂಡು ಕೂರಬೇಡಿ. ಗಂಡನ ಹತ್ತಿರ, ಅಮ್ಮನ ಹತ್ತಿರ, ಗೆಳತಿಯ ಹತ್ತಿರ ಹೇಳಿಕೊಳ್ಳಿ.

ಮುಂದಿನ ಸಲ ತೆರೆ ಮೇಲೆ ಬಿಳಿ ಸೀರೆ ಕಂಡಾಗ ಹೆದರಿ, ತೊಂದರೆಯಿಲ್ಲ. ಜೊತೆಗೆ ಅವಳ ಕಥೆಯನ್ನೂ ಸ್ವಲ್ಪ ಕೇಳಿಸಿಕೊಳ್ಳಿ. ಹಾಗೇ ಪಕ್ಕದಲ್ಲಿ ಸುಮ್ಮನೆ ಕೂತಿರುವ ಅತ್ತೆ, ಸೊಸೆ, ನಾದಿನಿಯ ಮಾತನ್ನೂ!