ಕಂದು ಹಾಕುವ ರೋಗ: ದನಕ್ಕೂ ಜನಕ್ಕೂ

ಏಳು ತಿಂಗಳು ತುಂಬಿದ ಗಬ್ಬದ ಹಸು ಕಂದು ಹಾಕಿದರೆ ಆಗುವ ನಷ್ಟ ರೈತನ ಕಣ್ಣಿಗೆ ಕಾಣುತ್ತದೆ. ಕರು ಹೋಯಿತು, ಆ ಸೂಲಿನ ಹಾಲೂ ಬಹುಮಟ್ಟಿಗೆ ಹೋಯಿತು. ಆದರೆ ಆ ಹಸುವಿನ ಕಸವನ್ನು ಬರಿಗೈಯಲ್ಲಿ ಎತ್ತಿ ಹಾಕಿದವರಿಗೆ ಕೆಲವು ವಾರಗಳ ನಂತರ ಸಂಜೆ ಹೊತ್ತು ಜ್ವರ ಬರತೊಡಗಿದರೆ, ಅದಕ್ಕೂ ಕೊಟ್ಟಿಗೆಗೂ ಸಂಬಂಧವಿರಬಹುದೆಂದು ಹೊಳೆಯುವುದು ಅಪರೂಪ. ಈ ಎರಡಕ್ಕೂ ಒಂದೇ ರೋಗಾಣು ಕಾರಣವಾಗಿರಬಹುದು. ಈ ರೋಗಕ್ಕೆ ಬ್ರುಸೆಲ್ಲೋಸಿಸ್ ಅಥವಾ ಕಂದು ರೋಗ ಎಂದು ಹೆಸರು.

ಇದು ಅಂಟುರೋಗವೂ ಹೌದು. ಸರಿಯಾದ ಚಿಕಿತ್ಸೆ ದೊರೆಯದಿದ್ದರೆ ತಿಂಗಳುಗಟ್ಟಲೆ ಕಾಡುವ ದೀರ್ಘಕಾಲದ ರೋಗವೂ ಹೌದು. ಇದರ ಮುಖ್ಯ ಗುಣವೊಂದನ್ನು ಪ್ರತಿಯೊಬ್ಬ ರೈತನೂ ತಿಳಿದಿರಬೇಕು. ಮೇಲ್ನೋಟಕ್ಕೆ ಗುಣವಾದಂತೆ ಕಂಡರೂ ರೋಗಾಣು ಒಳಗೆ ಉಳಿದಿರಬಹುದು. ದನದಲ್ಲೂ ಹೀಗೆಯೇ, ಮನುಷ್ಯನಲ್ಲೂ ಹೀಗೆಯೇ.

ರೋಗಾಣು ಪತ್ತೆಯಾದ ಬಗೆ

ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿದ್ದ ಬ್ರಿಟಿಷ್ ಸೈನಿಕರನ್ನು ಹಿಂದೆ ಒಂದು ಜ್ವರ ಬಹಳವಾಗಿ ಕಾಡುತ್ತಿತ್ತು. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯರು ಇದರ ರೋಗಾಣುವನ್ನು ಬೇರ್ಪಡಿಸಿದರು. ರೋಗ ಎಲ್ಲಿಂದ ಬರುತ್ತದೆಂಬುದು ಮಾತ್ರ ತಿಳಿದಿರಲಿಲ್ಲ. 1905ರಲ್ಲಿ ಥೆಮಿಸ್ಟೋಕ್ಲಿಸ್ ಜಮ್ಮಿತ್ ಎಂಬ ವೈದ್ಯರು ನೋಡಲು ಆರೋಗ್ಯವಾಗಿಯೇ ಇದ್ದ ಮೇಕೆಗಳಲ್ಲಿ ಈ ಸೋಂಕನ್ನು ಕಂಡುಹಿಡಿದರು. ಮರುವರ್ಷ ಸೈನಿಕರಿಗೆ ಮೇಕೆ ಹಾಲು ಕೊಡುವುದನ್ನು ನಿಲ್ಲಿಸಿದಾಗ ಅವರಲ್ಲಿ ಜ್ವರ ಬಹುಮಟ್ಟಿಗೆ ಇಳಿಯಿತು. ಇತ್ತ ಡೆನ್ಮಾರ್ಕ್ ದೇಶದಲ್ಲಿ ಬರ್ನಾರ್ಡ್ ಬ್ಯಾಂಗ್ ಎಂಬುವರು 1897ರಲ್ಲಿ ಕಂದು ಹಾಕಿದ ಹಸುಗಳಲ್ಲಿ ಒಂದು ರೋಗಾಣುವನ್ನು ಕಂಡಿದ್ದರು. ಈ ಎರಡೂ ಹತ್ತಿರದ ಸಂಬಂಧಿಗಳೆಂದು 1918ರಲ್ಲಿ ಅಮೆರಿಕದ ಆಲಿಸ್ ಇವಾನ್ಸ್ ತೋರಿಸಿಕೊಟ್ಟರು.

ದನಗಳಲ್ಲಿ ರೋಗಲಕ್ಷಣಗಳು

ಹಸು ಎಮ್ಮೆಗಳು ಸಾಮಾನ್ಯವಾಗಿ ಗಬ್ಬದ ಐದನೇ ತಿಂಗಳ ನಂತರ ಕಂದು ಹಾಕುತ್ತವೆ. ಅನೇಕ ವೇಳೆ ಕಸ ಸರಿಯಾಗಿ ಬೀಳುವುದಿಲ್ಲ. ಮುಂದೆ ಗಬ್ಬ ನಿಲ್ಲುವುದೂ ತಡವಾಗಬಹುದು. ಹೋರಿಗಳಲ್ಲಿ ವೃಷಣ ಊದಿಕೊಳ್ಳಬಹುದು. ಕುರಿ ಮೇಕೆಗಳಿಗೂ ಈ ರೋಗ ಬರುತ್ತದೆ. ಅವುಗಳಿಂದ ಮನುಷ್ಯನಿಗೆ ತಗಲುವ ಸೋಂಕು ಹೆಚ್ಚು ಉಗ್ರವಾದುದು.

ಬಹಳಷ್ಟು ಹಸುಗಳು ಒಂದು ಸಲ ಮಾತ್ರ ಕಂದು ಹಾಕುತ್ತವೆ. ಮುಂದಿನ ಸಲ ದಿನ ತುಂಬಿ ಕರು ಹಾಕಿದಾಗ ರೈತನು ರೋಗ ಹೋಯಿತೆಂದು ನೆಮ್ಮದಿಪಡುತ್ತಾನೆ. ಆದರೆ ರೋಗಾಣು ಕೆಚ್ಚಲಿನಲ್ಲಿ ಉಳಿದು ಹಾಲಿನಲ್ಲಿ ಹೊರಬೀಳುತ್ತಿರಬಹುದು. ಕರು ಹಾಕುವಾಗ ಬೀಳುವ ನೀರು, ಕಸಗಳಲ್ಲಿಯೂ ಇರುತ್ತದೆ. ದನಗಳಲ್ಲಿ ಇದನ್ನು ಪೂರ್ತಿ ಗುಣಪಡಿಸುವ ನಂಬಿಕೆಯ ಚಿಕಿತ್ಸೆ ಇಲ್ಲ. ಆದ್ದರಿಂದ ಕಂದು ಹಾಕಿದ ಹಸುವಿನ ರಕ್ತಪರೀಕ್ಷೆ ಮಾಡಿಸದೆ ಸಂತೆಗೆ ಹೊಡೆಯುವುದೆಂದರೆ ರೋಗವನ್ನು ಇನ್ನೊಬ್ಬ ರೈತನ ಕೊಟ್ಟಿಗೆಗೆ ಕಳುಹಿಸಿದಂತೆ.

ಮನುಷ್ಯನಿಗೆ ತಗಲುವ ಬಗೆ

ಕಂದು, ಕಸ ಮತ್ತು ಗರ್ಭಕೋಶದ ಸ್ರಾವವನ್ನು ಬರಿಗೈಯಲ್ಲಿ ಮುಟ್ಟಿದಾಗ ಚರ್ಮದ ಗಾಯ ಗೀರುಗಳ ಮೂಲಕ ರೋಗಾಣು ಒಳಸೇರುತ್ತದೆ. ಕಣ್ಣಿಗೆ ಸಿಡಿದರೂ, ಉಸಿರಿನ ಮೂಲಕವೂ ಸೇರಬಹುದು. ಕರೆದ ಕೂಡಲೆ ನೊರೆಹಾಲು ಕುಡಿಯುವುದು, ಮಕ್ಕಳಿಗೆ ಹಸಿ ಮೇಕೆ ಹಾಲು ಕೊಡುವುದು ಇನ್ನೊಂದು ದಾರಿ. ಹಾಲನ್ನು ಉಕ್ಕುವಂತೆ ಕಾಯಿಸಿದರೆ ರೋಗಾಣು ಸಾಯುತ್ತದೆ. ಕಾಯಿಸಿದ ಹಾಲಿನ ಮೊಸರು, ಮಜ್ಜಿಗೆ, ತುಪ್ಪಗಳಿಂದ ಭಯವಿಲ್ಲ.

ರೋಗ ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ. ಕೆಲವೊಮ್ಮೆ ತಿಂಗಳುಗಳೇ ಹಿಡಿಯಬಹುದು. ಏರಿಳಿಯುವ ಜ್ವರ, ರಾತ್ರಿ ಮೈಯೆಲ್ಲ ಬೆವರುವುದು, ಕೀಲುನೋವು, ಸೊಂಟನೋವು, ವಿಪರೀತ ಆಯಾಸ ಇವು ಮುಖ್ಯ ಲಕ್ಷಣಗಳು. ಗಂಡಸರಲ್ಲಿ ವೃಷಣ ಊದಬಹುದು. ಗರ್ಭಿಣಿಯರಿಗೆ ಗರ್ಭಪಾತವಾಗುವ ಸಂಭವವುಂಟು. ನಿರ್ಲಕ್ಷಿಸಿದರೆ ಬೆನ್ನೆಲುಬು, ಅಪರೂಪವಾಗಿ ಹೃದಯ, ಮಿದುಳುಗಳಿಗೂ ತಗಲುತ್ತದೆ.

ಟೈಫಾಯ್ಡ್, ಮಲೇರಿಯ, ಕ್ಷಯರೋಗಗಳಲ್ಲಿಯೂ ಇಂತಹ ಲಕ್ಷಣಗಳಿರುವುದರಿಂದ ಈ ರೋಗವನ್ನು ಗುರುತಿಸುವುದು ಕಷ್ಟ. ಆದುದರಿಂದ ಜ್ವರವೆಂದು ಆಸ್ಪತ್ರೆಗೆ ಹೋದಾಗ “ನಮ್ಮ ಮನೆಯಲ್ಲಿ ದನ ಕುರಿಗಳಿವೆ, ಇಂಥ ತಿಂಗಳು ಹಸು ಕಂದು ಹಾಕಿತ್ತು” ಎಂದು ವೈದ್ಯರಿಗೆ ತಾವಾಗಿಯೇ ಹೇಳಬೇಕು. ಈ ಒಂದು ಮಾತಿನಿಂದ ಸರಿಯಾದ ರಕ್ತಪರೀಕ್ಷೆ ಬೇಗನೆ ಆಗುತ್ತದೆ.

ರೋಗಿ ತಿಳಿದಿರಬೇಕಾದುದು

ಈ ರೋಗಾಣು ನಮ್ಮ ದೇಹದ ಜೀವಕೋಶಗಳ ಒಳಗೇ ಅಡಗಿ ಕೂರುತ್ತದೆ. ಒಂದೇ ಔಷಧಿಯಿಂದ, ನಾಲ್ಕು ದಿನದ ಚಿಕಿತ್ಸೆಯಿಂದ ಅದು ಸಾಯದು. ಸಾಮಾನ್ಯವಾಗಿ ವೈದ್ಯರು ಡಾಕ್ಸಿಸೈಕ್ಲಿನ್ ಮಾತ್ರೆಯ ಜೊತೆಗೆ ರಿಫಾಂಪಿಸಿನ್ ಮಾತ್ರೆಯನ್ನು, ಅಥವಾ ಸ್ಟ್ರೆಪ್ಟೊಮೈಸಿನ್ ಇಲ್ಲವೆ ಜೆಂಟಾಮೈಸಿನ್ ಚುಚ್ಚುಮದ್ದನ್ನು ಕೊಡುತ್ತಾರೆ. ಮಾತ್ರೆಗಳನ್ನು ಕನಿಷ್ಠ 6 ವಾರ ನುಂಗಬೇಕು. ಬೆನ್ನೆಲುಬಿಗೆ ತಗಲಿದ್ದರೆ 3 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಬೇಕಾಗಬಹುದು.

1. ಚಿಕಿತ್ಸೆ ಆರಂಭವಾದ ಕೆಲವೇ ದಿನಗಳಲ್ಲಿ ಜ್ವರ ಬಿಡುತ್ತದೆ. ಹೊಲದ ಕೆಲಸಕ್ಕೆ ಹೋಗುವಷ್ಟು ಶಕ್ತಿಯೂ ಬರಬಹುದು. ಆಗಲೇ ಮಾತ್ರೆ ಬಿಡುವವರು ಹೆಚ್ಚು. ಹಾಗೆ ಬಿಟ್ಟವರಲ್ಲಿ ರೋಗ ಮರುಕಳಿಸುವ ಸಂಭವ ಬಹಳ.

2. ರಿಫಾಂಪಿಸಿನ್ ನುಂಗುವಾಗ ಮೂತ್ರ ಕೆಂಪು ಮಿಶ್ರಿತ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದು ರಕ್ತವಲ್ಲ, ಗಾಬರಿ ಬೇಡ. ಈ ಮಾತ್ರೆಯನ್ನು ಕ್ಷಯರೋಗಕ್ಕೂ ಕೊಡುವುದುಂಟು. ಅಷ್ಟರಿಂದಲೇ ನಿಮಗೆ ಕ್ಷಯವಿದೆಯೆಂದು ತಿಳಿಯಬೇಡಿ.

3. ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ದೊಡ್ಡ ಲೋಟ ನೀರಿನೊಡನೆ ನುಂಗಿ, ಕೂಡಲೆ ಮಲಗದಿರಿ. ಇದನ್ನು ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಸಾಮಾನ್ಯವಾಗಿ ಕೊಡುವುದಿಲ್ಲ. ಒಬ್ಬರ ಮಾತ್ರೆಯನ್ನು ಮನೆಯ ಇನ್ನೊಬ್ಬರಿಗೆ ಕೊಡಬಾರದು.

4. ವಾಂತಿ, ಕಣ್ಣು ಹಳದಿಯಾಗುವುದು ಮುಂತಾದ ತೊಂದರೆ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿರಿ.

5. ಈ ರೋಗ ಮನುಷ್ಯನಿಂದ ಮನುಷ್ಯನಿಗೆ ಹರಡುವುದು ತೀರ ಅಪರೂಪ. ರೋಗಿಯನ್ನು ದೂರವಿಡಬೇಕಾಗಿಲ್ಲ; ಒಟ್ಟಿಗೆ ಕುಳಿತು ಊಟ ಮಾಡಬಹುದು.

6. ಗುಣವಾದ ಮೇಲೂ ಜ್ವರ, ಬೆವರು, ನೋವು ಮತ್ತೆ ಕಂಡರೆ ಹಳೆಯ ಚೀಟಿಯೊಡನೆ ವೈದ್ಯರನ್ನು ಕಾಣಿರಿ.

ಹತೋಟಿ ಕ್ರಮಗಳು

ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳ ವಯಸ್ಸಿನೊಳಗೆ ಒಂದು ಸಲ ಲಸಿಕೆ ಹಾಕಿಸಿರಿ. ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮವು 2019ರಲ್ಲಿ ಆರಂಭವಾದಾಗ ಕಾಲುಬಾಯಿ ಜ್ವರದೊಡನೆ ಈ ರೋಗವನ್ನೂ ಅದರಲ್ಲಿ ಸೇರಿಸಲಾಯಿತು. ಗಂಡು ಕರುಗಳಿಗೂ ಗಬ್ಬದ ಹಸುಗಳಿಗೂ ಈ ಲಸಿಕೆ ಹಾಕುವುದಿಲ್ಲ. ಇದರಲ್ಲಿ ಜೀವಂತ ರೋಗಾಣುಗಳಿರುವುದರಿಂದ ಸೂಜಿ ಯಾರಿಗೂ ಚುಚ್ಚದಂತೆ ಕರುವನ್ನು ಭದ್ರವಾಗಿ ಹಿಡಿಯಬೇಕು.

ಹಸು ಕಂದು ಹಾಕಿದರೆ ಅದನ್ನು ಬೇರೆ ಕಟ್ಟಿ, ಪಶುವೈದ್ಯರಿಗೆ ತಿಳಿಸಿರಿ. ಕಂದು, ಕಸಗಳನ್ನು ಕೈಚೀಲ ಹಾಕಿಕೊಂಡು ಎತ್ತಿ, ಆಳವಾದ ಗುಂಡಿಯಲ್ಲಿ ಸುಣ್ಣ ಸುರಿದು ಹೂಳಿರಿ. ಕೈಚೀಲವಿಲ್ಲದಿದ್ದರೆ ತೂತಿಲ್ಲದ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಕಟ್ಟಿಕೊಳ್ಳಿರಿ. ಕಸವನ್ನು ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟುವ ವಾಡಿಕೆ ಹಲವು ಕಡೆ ಇದೆ. ಅದು ಕೆಳಗೆ ಬಿದ್ದರೆ ನಾಯಿಗಳು ಎಳೆದಾಡಿ ಊರೆಲ್ಲ ಸೋಂಕು ಹರಡುತ್ತವೆ. ಆದ್ದರಿಂದ ಹೂಳುವುದೇ ಲೇಸು. ನೆಲವನ್ನು ಬ್ಲೀಚಿಂಗ್ ಪುಡಿಯ ನೀರಿನಿಂದ ತೊಳೆಯಿರಿ. ತೇವದ ನೆರಳಿನಲ್ಲಿ ರೋಗಾಣು ತಿಂಗಳುಗಟ್ಟಲೆ ಬದುಕಬಲ್ಲದು, ಬಿಸಿಲಿನಲ್ಲಿ ಬೇಗ ಸಾಯುತ್ತದೆ. ಕೊಟ್ಟಿಗೆ ಕೆಲಸ ಹೆಚ್ಚಾಗಿ ಹೆಂಗಸರ ಪಾಲಿಗೇ ಬರುವುದರಿಂದ ಗರ್ಭಿಣಿಯರನ್ನು ಈ ಕೆಲಸಕ್ಕೆ ಬಿಡಲೇಬಾರದು.

ಹೊಸದಾಗಿ ಕೊಂಡ ದನದ ರಕ್ತಪರೀಕ್ಷೆ ಮಾಡಿಸಿ, 30 ದಿನ ಬೇರೆ ಕಟ್ಟಿ, ಮತ್ತೊಮ್ಮೆ ಪರೀಕ್ಷಿಸಿದ ನಂತರವೇ ಮಂದೆಗೆ ಸೇರಿಸಿರಿ. ಊರ ಹೋರಿಗೆ ಬಿಡುವ ಬದಲು ಕೃತಕ ಗರ್ಭಧಾರಣೆ ಮಾಡಿಸಿರಿ. ಹಾಲು ಉತ್ಪಾದಕರ ಸಂಘದಲ್ಲಿ ಕ್ಯಾನಿನ ಹಾಲಿನ ರಿಂಗ್ ಪರೀಕ್ಷೆ ಮಾಡಿಸಿದರೆ ಯಾವ ಗುಂಪಿನಲ್ಲಿ ರೋಗವಿರಬಹುದೆಂಬ ಸುಳಿವು ಸಿಗುತ್ತದೆ. ಅನಂತರ ಒಂದೊಂದೇ ಹಸುವನ್ನು ಪರೀಕ್ಷಿಸಬಹುದು.

ಮನುಷ್ಯರಿಗೆ ಹಾಕುವಂತಹ ಲಸಿಕೆ ಇಲ್ಲ. ಕರುವಿಗೆ ಹಾಕಿಸಿದ ಲಸಿಕೆಯೇ ಮನೆಯವರಿಗೂ ರಕ್ಷಣೆ. ನಿಮ್ಮ ಕೊಟ್ಟಿಗೆಯಲ್ಲಿ 4 ತಿಂಗಳು ತುಂಬಿದ ಹೆಣ್ಣು ಕರುವಿದ್ದರೆ 8 ತಿಂಗಳಾಗುವುದರೊಳಗೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿರಿ.