ಮನಸ್ಸಿನ ಮದ್ದು, ಮೈಯ ತೂಕ

1952ನೆಯ ಇಸವಿಯ ಮಾತು. ಅಮೆರಿಕದ ನ್ಯೂಯಾರ್ಕ್ ನಗರಕ್ಕೆ ಸೇರಿದ ಸ್ಟಾಟನ್ ದ್ವೀಪದಲ್ಲಿ ‘ಸೀ ವ್ಯೂ’ ಎಂಬ ಕ್ಷಯರೋಗಿಗಳ ಆಸ್ಪತ್ರೆಯೊಂದಿತ್ತು. ಅಲ್ಲಿನ ವೈದ್ಯರು ಇಪ್ರೊನಿಯಾಜಿಡ್ ಎಂಬ ಹೊಸ ಔಷಧವನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸುತ್ತಿದ್ದರು. ಸ್ವಲ್ಪ ಕಾಲದಲ್ಲಿಯೇ ಅವರಿಗೆ ಒಂದು ವಿಚಿತ್ರವು ಕಂಡುಬಂದಿತು. ಹಾಸಿಗೆ ಹಿಡಿದಿದ್ದವರು ಎದ್ದು ಓಡಾಡತೊಡಗಿದರು. ಮಂಕಾಗಿದ್ದ ಮುಖಗಳಲ್ಲಿ ಗೆಲುವು ಮೂಡಿತು. ಊಟ ಸೇರದಿದ್ದವರಿಗೆ ಹಸಿವು ಹೆಚ್ಚಿತು. ಅವರ ತೂಕವೂ ಏರಿತು. ಕ್ಷಯದಿಂದ ಕರಗಿಹೋದವರಿಗೆ ತೂಕ ಏರುವುದೆಂದರೆ ಹೋದ ಜೀವ ಮರಳಿದಂತೆಯೇ ಸರಿ.

ಕ್ಷಯದ ಮದ್ದು ಮನಸ್ಸನ್ನೂ ಗೆಲುವಾಗಿಸುವುದಾದರೆ ಅದನ್ನು ಖಿನ್ನತೆಗೇ ಏಕೆ ಕೊಡಬಾರದು? ಅಮೆರಿಕದ ಮನೋವೈದ್ಯ ನೇಥನ್ ಕ್ಲೈನ್ ಮತ್ತು ಅವರ ಸಂಗಡಿಗರು ಹಾಗೆಯೇ ಕೊಟ್ಟು ನೋಡಿ, 1957ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅದೇ ವರ್ಷ ಸ್ವಿಟ್ಜರ್ಲೆಂಡಿನ ರೋಲಂಡ್ ಕೂನ್ ಅವರು ಇಮಿಪ್ರಮಿನ್ ಎಂಬ ಬೇರೊಂದು ಔಷಧದ ಗುಣವನ್ನು ಲೋಕಕ್ಕೆ ತಿಳಿಸಿದರು. ಖಿನ್ನತೆ ನಿವಾರಕಗಳ ಯುಗ ಆರಂಭವಾದುದು ಹೀಗೆ. ಯಕೃತ್ತಿಗೆ ಹಾನಿ ಮಾಡಿದ್ದರಿಂದ ಇಪ್ರೊನಿಯಾಜಿಡ್ ಬಹುಬೇಗ ಮರೆಗೆ ಸರಿಯಿತು. ಆದರೆ ಮನಸ್ಸು ಗೆಲುವಾಗುವುದು, ಜೊತೆಗೆ ಮೈಯ ತೂಕ ಏರುವುದು ಎಂಬ ಜೋಡಿ ಲಕ್ಷಣ ಆಮೇಲೆ ಬಂದ ಹಲವು ಔಷಧಗಳಲ್ಲಿಯೂ ಕಾಣಿಸಿಕೊಂಡಿತು. ಅಂದು ಹಿಗ್ಗಿಗೆ ಕಾರಣವಾಗಿದ್ದ ತೂಕ ಇಂದು ಅನೇಕರಿಗೆ ಚಿಂತೆಯ ವಿಷಯವಾಗಿದೆ.

ಇದು ಅಲ್ಪವಾದ ಚಿಂತೆಯಲ್ಲ. ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ಖಿನ್ನತೆಗೆ ಚಿಕಿತ್ಸೆ ಪಡೆದು ಆಕೆಗೆ ನಿದ್ರೆ ಮರಳಿದೆ, ಪಾಠದಲ್ಲಿ ಗಮನ ನಿಂತಿದೆ. ಆದರೆ ಉಡುಪು ಬಿಗಿಯಾಗಿದೆ. ಮದುವೆಯ ಮನೆಯಲ್ಲಿ ನೆಂಟರು ‘ಏನಮ್ಮಾ, ದಪ್ಪಗಾಗಿಬಿಟ್ಟೆ!’ ಎಂದಿದ್ದಾರೆ. ಮರುದಿನದಿಂದ ಆಕೆ ಯಾರಿಗೂ ಹೇಳದೆ ಗುಳಿಗೆ ನುಂಗುವುದನ್ನು ನಿಲ್ಲಿಸುತ್ತಾಳೆ. ತೂಕ ಇಳಿಯುವುದೋ ಇಲ್ಲವೋ, ಬಿಟ್ಟುಹೋಗಿದ್ದ ಕಾಯಿಲೆ ಮಾತ್ರ ಮತ್ತೆ ಬಾಗಿಲು ತಟ್ಟುವ ಸಂಭವವುಂಟು. ಹಾಗಾಗದಂತೆ ತೂಕವನ್ನು ಹದದಲ್ಲಿಟ್ಟುಕೊಳ್ಳುವ ಬಗೆ ಹೇಗೆ?

ಎರಡು ಬಗೆಯ ತೂಕ

ಖಿನ್ನತೆಯೆಂಬುದು ಬರಿಯ ದುಃಖವಲ್ಲ. ಅದು ನಿದ್ರೆಯನ್ನೂ ಹಸಿವನ್ನೂ ಕೆಡಿಸುವ ಕಾಯಿಲೆ. ಬಹುಮಂದಿಗೆ ಊಟ ರುಚಿಸದೆ ಮೈ ಇಳಿಯುತ್ತದೆ. ಕೆಲವರಲ್ಲಿ ಇದಕ್ಕೆ ವಿರುದ್ಧವಾಗಿ ತಿನ್ನುವ ಚಪಲ ಹೆಚ್ಚಿ, ಔಷಧಕ್ಕೆ ಮುಂಚೆಯೇ ತೂಕ ಏರಿರುವುದೂ ಉಂಟು.

ಮೊದಲು 55 ಕಿಲೋಗ್ರಾಂ ತೂಗುತ್ತಿದ್ದವರು ಕಾಯಿಲೆಯಲ್ಲಿ 50ಕ್ಕೆ ಇಳಿದು, ಚಿಕಿತ್ಸೆಯ ಬಳಿಕ 55ಕ್ಕೆ ಮರಳಿದರೆ ಅದು ಗುಣವಾಗುತ್ತಿರುವ ಲಕ್ಷಣವೇ ಹೊರತು ಕೇಡಲ್ಲ. ಆದರೆ ಅಲ್ಲಿಗೆ ನಿಲ್ಲದೆ 58, 60 ಎಂದು ಏರುತ್ತಲೇ ಹೋದರೆ ಅದರಲ್ಲಿ ಔಷಧದ ಪಾಲಿದೆಯೇ ಎಂದು ವಿಚಾರಿಸಬೇಕು. ಈ ಎರಡನ್ನೂ ಬೇರ್ಪಡಿಸಿ ನೋಡಲು ಕಾಯಿಲೆಗೆ ಮುಂಚಿನ ತೂಕ ಮತ್ತು ಔಷಧ ಆರಂಭಿಸಿದ ದಿನದ ತೂಕ ಗೊತ್ತಿದ್ದರೆ ಸಾಕು. ಆದುದರಿಂದ ಚಿಕಿತ್ಸೆಯ ಮೊದಲ ದಿನವೇ ತೂಕವನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಹಸಿವು ಹೆಚ್ಚುವುದೇಕೆ?

ಮಿದುಳಿನ ತಳಭಾಗದಲ್ಲಿ ಹೈಪೊಥಲಾಮಸ್ ಎಂಬ ಪುಟ್ಟ ಪ್ರದೇಶವಿದೆ. ಹಸಿವು, ತೃಪ್ತಿಗಳನ್ನು ನಿಯಂತ್ರಿಸುವ ಮುಖ್ಯ ಕೇಂದ್ರವಿದು. ಇಲ್ಲಿನ ನರಕೋಶಗಳು ಹಿಸ್ಟಮಿನ್, ಸೆರೊಟೊನಿನ್ ಮೊದಲಾದ ರಾಸಾಯನಿಕಗಳ ಮೂಲಕ ಸಂದೇಶಗಳನ್ನು ಪಡೆಯುತ್ತವೆ. ಈ ರಾಸಾಯನಿಕಗಳು ಕೀಲಿಕೈಗಳಿದ್ದಂತೆ. ನರಕೋಶದ ಮೇಲಿರುವ ‘ಗ್ರಾಹಕ’ಗಳು ಬೀಗಗಳಿದ್ದಂತೆ.

ಹಿಸ್ಟಮಿನ್ ಎಂದೊಡನೆ ಸೀನು, ತುರಿಕೆಗಳು ನೆನಪಿಗೆ ಬರುತ್ತವೆ. ಆದರೆ ಮಿದುಳಿನಲ್ಲಿ ಅದೇ ಪದಾರ್ಥವು ನಮ್ಮನ್ನು ಎಚ್ಚರವಾಗಿಡುತ್ತದೆ. ಹಸಿವಿಗೆ ಕಡಿವಾಣವನ್ನೂ ಹಾಕುತ್ತದೆ. ಅಮಿಟ್ರಿಪ್ಟಿಲಿನ್, ಮಿರ್ಟಜಪಿನ್ ಎಂಬ ಔಷಧಗಳ ಅಣುಗಳು ಹಿಸ್ಟಮಿನ್ ಗ್ರಾಹಕಗಳಲ್ಲಿ ತಾವೇ ಕುಳಿತು ಬೀಗದ ಕಿಂಡಿಯನ್ನು ಮುಚ್ಚಿಬಿಡುತ್ತವೆ. ಆಗ ಕಡಿವಾಣ ಸಡಿಲಾಗಿ ನಿದ್ರೆಯೂ ಹಸಿವೂ ಒಟ್ಟಿಗೆ ಹೆಚ್ಚುತ್ತವೆ. ಹಸಿವು ಹೆಚ್ಚಿಸಲೆಂದು ಕೊಡುವ ಸಿಪ್ರೊಹೆಪ್ಟಡಿನ್ ಎಂಬ ಮದ್ದು ಕೂಡ ಹಿಸ್ಟಮಿನ್, ಸೆರೊಟೊನಿನ್‌ಗಳ ಗ್ರಾಹಕಗಳನ್ನು ತಡೆಯುವಂಥದೇ ಆಗಿದೆ. ಆದುದರಿಂದ ಇಂಥ ಹಸಿವು ಹೊಟ್ಟೆಬಾಕತನವಲ್ಲ, ಮನೋದಾರ್ಢ್ಯದ ಕೊರತೆಯೂ ಅಲ್ಲ.

ಅಮೆರಿಕದಲ್ಲಿ 1987ರ ಕೊನೆಗೆ ಅನುಮತಿ ಪಡೆದ ಫ್ಲುಆಕ್ಸೆಟಿನ್ ಮತ್ತು ಅದರ ಬಳಗದ ಔಷಧಗಳ ರೀತಿ ಬೇರೆ. ಅವು ಸೆರೊಟೊನಿನ್ ಮತ್ತೆ ನರಕೋಶದೊಳಕ್ಕೆ ಹೀರಿಹೋಗುವುದನ್ನು ತಡೆಯುತ್ತವೆ. ಮೊದಲ ವಾರಗಳಲ್ಲಿ ಇವುಗಳಿಂದ ವಾಕರಿಕೆ ಬಂದು ಹಸಿವು ತಗ್ಗುವುದುಂಟು. ತಿಂಗಳುಗಳು ಕಳೆದ ಮೇಲೆ ಕೆಲವರಲ್ಲಿ ತೂಕ ಮೆಲ್ಲಮೆಲ್ಲನೆ ಏರತೊಡಗುತ್ತದೆ.

ಏರಿಕೆ ಎಷ್ಟು?

ಬ್ರಿಟನ್ನಿನಲ್ಲಿ ಸುಮಾರು ಮೂರು ಲಕ್ಷ ಜನರ ವೈದ್ಯಕೀಯ ದಾಖಲೆಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ತೂಕ ನೂರಕ್ಕೆ ಐದರಷ್ಟಾದರೂ ಏರಿದ ಪ್ರಸಂಗಗಳು, ವರ್ಷವೊಂದಕ್ಕೆ ನೂರು ಜನರಲ್ಲಿ, ಔಷಧ ಸೇವಿಸುವವರಲ್ಲಿ 11.2ರಂತೆಯೂ ಸೇವಿಸದವರಲ್ಲಿ 8.1ರಂತೆಯೂ ಇದ್ದುವು. ಎಂದರೆ ವ್ಯತ್ಯಾಸವಿರುವುದು ನಿಜ. ಆದರೆ ಔಷಧವಿಲ್ಲದೆಯೂ ಅನೇಕರ ತೂಕ ಏರುತ್ತದೆ, ಔಷಧ ಸೇವಿಸಿದವರೆಲ್ಲರ ತೂಕವೂ ಏರುವುದಿಲ್ಲ.

ಔಷಧ ಔಷಧಕ್ಕೂ ಭೇದವುಂಟು. 2024ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಎಂಟು ಔಷಧಗಳನ್ನು ಹೋಲಿಸಿತು. ಆರು ತಿಂಗಳ ಕೊನೆಗೆ, ಸರ್ಟ್ರಲಿನ್ ಆರಂಭಿಸಿದವರಿಗಿಂತ ಎಸ್ಸಿಟಲೊಪ್ರಾಮ್ ಅಥವಾ ಪರಾಕ್ಸೆಟಿನ್ ಆರಂಭಿಸಿದವರ ತೂಕದ ಏರಿಕೆ ಸರಾಸರಿ 0.4 ಕಿಲೋಗ್ರಾಮಿನಷ್ಟು ಹೆಚ್ಚಾಗಿತ್ತು. ಬುಪ್ರೋಪಿಯಾನ್ ಆರಂಭಿಸಿದವರಲ್ಲಿ 0.2 ಕಿಲೋಗ್ರಾಮಿನಷ್ಟು ಕಡಮೆಯಿತ್ತು. ಹಾಗಾದರೆ ಎಲ್ಲರೂ ಬುಪ್ರೋಪಿಯಾನನ್ನೇ ಸೇವಿಸಬಾರದೇಕೆ ಎಂದು ಕೇಳಬಹುದು. ಮೂರ್ಛೆರೋಗವಿರುವವರಿಗೆ ಆ ಔಷಧ ಸಲ್ಲದು. ಹಸಿದಿದ್ದು ಮೈ ಕರಗಿಸಿಕೊಳ್ಳುವ ಅನೊರೆಕ್ಸಿಯದಂಥ ವ್ಯಾಧಿ ಇದ್ದವರಿಗೂ ಸಲ್ಲದು. ಒಬ್ಬರಿಗೆ ಹಿತವಾದ ಔಷಧ ಇನ್ನೊಬ್ಬರಿಗೆ ಅಪಾಯವಾಗಬಹುದಾದ್ದರಿಂದಲೇ ಆಯ್ಕೆಯನ್ನು ವೈದ್ಯರಿಗೆ ಬಿಡಬೇಕು.

ಒಂದು ಸಣ್ಣ ಲೆಕ್ಕ

ಒಂದು ಕಿಲೋಗ್ರಾಂ ಕೊಬ್ಬಿನ ಅಂಗಾಂಶದಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಶಕ್ತಿ ಅಡಗಿದೆ. ವರ್ಷದಲ್ಲಿ ಮೂರು ಕಿಲೋಗ್ರಾಂ ಏರಿತೆನ್ನೋಣ. ಒಟ್ಟು 23,100, ಅದನ್ನು 365ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 63 ಕಿಲೋಕ್ಯಾಲೊರಿ. ಒಂದು ಟೀ ಚಮಚ ಸಕ್ಕರೆಯಲ್ಲಿ ಸುಮಾರು 20 ಕಿಲೋಕ್ಯಾಲೊರಿ ಇರುವುದರಿಂದ ಇದು ಮೂರು ಚಮಚ ಸಕ್ಕರೆಗೆ ಸಮ. ಜೀವಂತ ದೇಹದ ವ್ಯವಹಾರ ಇಷ್ಟು ಸರಳವಲ್ಲ. ತೂಕ ಹೆಚ್ಚಿದಂತೆ ಶಕ್ತಿಯ ವೆಚ್ಚವೂ ಹೆಚ್ಚುತ್ತದೆ. ಆದರೂ ಈ ಲೆಕ್ಕದಿಂದ ಒಂದು ಮಾತು ಸ್ಪಷ್ಟವಾಗುತ್ತದೆ: ನಿಧಾನವಾಗಿ ಏರುವ ತೂಕವನ್ನು ತಡೆಯಲು ಉಪವಾಸ ಬೇಕಾಗಿಲ್ಲ, ದಿನನಿತ್ಯದ ಸಣ್ಣ ಬದಲಾವಣೆಗಳು ಸಾಕಾಗಬಹುದು.

ಮಾಡತಕ್ಕದ್ದೇನು?

ಮೊದಲನೆಯದಾಗಿ, ವೈದ್ಯರನ್ನು ಕೇಳದೆ ಔಷಧವನ್ನು ನಿಲ್ಲಿಸಲೇಬಾರದು. ಥಟ್ಟನೆ ನಿಲ್ಲಿಸಿದರೆ ತಲೆತಿರುಗು, ನಿದ್ರಾಭಂಗ, ತಳಮಳ, ತಲೆಯೊಳಗೆ ವಿದ್ಯುತ್ತು ಹರಿದಂಥ ಅನುಭವ ಮುಂತಾದುವು ಕಾಣಿಸಿಕೊಳ್ಳಬಹುದು. ಗುಣ ಕಂಡ ಮೇಲೂ ಕನಿಷ್ಠ ಆರು ತಿಂಗಳು ಔಷಧವನ್ನು ಮುಂದುವರಿಸುವಂತೆ ವೈದ್ಯರು ಹೇಳುವುದು ಕಾಯಿಲೆ ಮರುಕಳಿಸದಿರಲೆಂದೇ.

ಎರಡನೆಯದಾಗಿ, ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ, ತೂಕ ನೋಡಿ ಬರೆದಿಡಬೇಕು. ದಿನವೂ ನೋಡಿದರೆ ನೀರಿನ ಏರಿಳಿತವೇ ಮನಸ್ಸನ್ನು ಕಲಕುತ್ತದೆ. ಸಹಜವಾದ ತೂಕಕ್ಕಿಂತ ನೂರಕ್ಕೆ ಐದರಷ್ಟು, ಎಂದರೆ 50 ಕಿಲೋಗ್ರಾಮಿನವರಿಗೆ ಎರಡೂವರೆ ಕಿಲೋಗ್ರಾಂ, ಹೆಚ್ಚಿದರೆ ಆ ಕಾಗದವನ್ನು ವೈದ್ಯರಿಗೆ ತೋರಿಸಬೇಕು. ಅವರು ಪ್ರಮಾಣವನ್ನು ತಿದ್ದಬಹುದು, ಬೇರೆ ಔಷಧಕ್ಕೆ ಕ್ರಮವಾಗಿ ಬದಲಾಯಿಸಬಹುದು. ಥೈರಾಯ್ಡ್ ಗ್ರಂಥಿ ಮಂದವಾದರೆ ಮನಸ್ಸು ಕುಗ್ಗುವುದೂ ತೂಕ ಏರುವುದೂ ಉಂಟಾದ್ದರಿಂದ ರಕ್ತಪರೀಕ್ಷೆಯನ್ನೂ ಮಾಡಿಸಬಹುದು.

ಮೂರನೆಯದು ಆಹಾರ. ಕೆಲವು ಔಷಧಗಳಿಂದ ಬಾಯಿ ಒಣಗುತ್ತದೆ. ಆಗ ಸಿಹಿ ಪಾನೀಯಗಳನ್ನು ಕುಡಿಯುತ್ತ ಹೋದರೆ ಮೇಲಿನ ಲೆಕ್ಕದ ಮೂರು ಚಮಚವಲ್ಲ, ಅದರ ಹಲವು ಪಟ್ಟು ಸಕ್ಕರೆ ತಿಳಿಯದಂತೆ ಒಳಸೇರುತ್ತದೆ. ನೀರು ಇಲ್ಲವೆ ತಿಳಿಮಜ್ಜಿಗೆ ಲೇಸು. ಹೊತ್ತಿನ ಊಟವನ್ನು ಬಿಡಬಾರದು. ಬಿಟ್ಟರೆ ರಾತ್ರಿಯ ಹಸಿವು ಕುರುಕಲು ತಿಂಡಿಯತ್ತ ಎಳೆಯುತ್ತದೆ. ತಟ್ಟೆಯಲ್ಲಿ ಸೊಪ್ಪು, ತರಕಾರಿ, ಬೇಳೆಕಾಳುಗಳ ಪಾಲು ಹೆಚ್ಚಿದ್ದರೆ ಹೊಟ್ಟೆ ತುಂಬಿದ ತೃಪ್ತಿ ಬಹಳ ಹೊತ್ತು ನಿಲ್ಲುತ್ತದೆ.

ನಾಲ್ಕನೆಯದು ನಡಿಗೆ. ಅರ್ಧ ಗಂಟೆಯ ಬಿರುಸು ನಡಿಗೆಗೆ ಸುಮಾರು ನೂರು ಕಿಲೋಕ್ಯಾಲೊರಿ ವೆಚ್ಚವಾಗುತ್ತದೆ. ವ್ಯಾಯಾಮವು ಖಿನ್ನತೆಯನ್ನು ತಗ್ಗಿಸಲು ಸಹ ನೆರವಾಗುವುದರಿಂದ ಇಲ್ಲಿ ಲಾಭವು ಇಮ್ಮಡಿ. ಮೈಯೇಳದ ದಿನ ಹತ್ತು ನಿಮಿಷ ನಡೆದರೂ ನಷ್ಟವಿಲ್ಲ.

ಕೊನೆಯ ಮಾತು ಸುತ್ತಲಿನವರಿಗೆ. ಚೇತರಿಸಿಕೊಳ್ಳುತ್ತಿರುವವರ ಮೈಕಟ್ಟನ್ನು ಕುರಿತು ಆಡುವ ಒಂದು ಹಗುರ ಮಾತು ತಿಂಗಳುಗಳ ಚಿಕಿತ್ಸೆಯನ್ನು ಕೆಡಿಸಬಲ್ಲುದು. ಗೆಳೆಯನ ಜೊತೆಗೆ ನಡೆಯಲು ಹೋಗುವುದು ಅದಕ್ಕಿಂತ ಎಷ್ಟೋ ಉಪಕಾರ. ಮನಸ್ಸಿನ ಸಂಕಟವನ್ನು ಹೇಳಿಕೊಳ್ಳಲು ಯಾರೂ ಇಲ್ಲವೆನಿಸಿದಾಗ 2022ರಲ್ಲಿ ಭಾರತ ಸರ್ಕಾರವು ಆರಂಭಿಸಿದ ಟೆಲಿ ಮಾನಸ್ ಸೇವೆಗೆ, 14416 ಸಂಖ್ಯೆಯಲ್ಲಿ, ಕನ್ನಡದಲ್ಲಿಯೇ ಮಾತನಾಡಬಹುದು.

ಸೀ ವ್ಯೂ ಆಸ್ಪತ್ರೆಯ ವೈದ್ಯರು ರೋಗಿಗಳ ತೂಕವನ್ನಷ್ಟೇ ಅಲ್ಲ, ಅವರ ಮುಖದ ಗೆಲುವನ್ನೂ ಗಮನಿಸಿದರು. ತಕ್ಕಡಿಯ ಮುಳ್ಳನ್ನು ನೋಡುವಾಗ ನಾವೂ ಹಾಗೆಯೇ ಮಾಡಬೇಕು. ಏರಿದ ತೂಕವನ್ನು ಇಳಿಸಲು ದಾರಿಗಳಿವೆ, ಅದಕ್ಕೆ ಕಾಲಾವಕಾಶವೂ ಇದೆ. ಆ ದಾರಿಯಲ್ಲಿ ನಡೆಯುವ ಉತ್ಸಾಹ ಹುಟ್ಟಬೇಕಾದರೆ ಮೊದಲು ಮನಸ್ಸು ಗುಣವಾಗಬೇಕು.